ಕ್ಯಾರೆಟ್ ತೋರಿಸಿ ಕತ್ತು ಬಗ್ಗಿಸಿದರೆ ಕುದುರೆಯ ಬೆನ್ನು ಹೇಗೆ ಗಟ್ಟಿಯಾಗುತ್ತದೆ?

ಇಲ್ಲಿ ಕುದುರೆ ತಾನಾಗಿಯೇ ಬಗ್ಗುತ್ತದೆ, ಗುಟ್ಟು ಇರುವುದು ಅಲ್ಲೇ. ಕುದುರೆಯ ತಲೆ, ಕತ್ತು ಎರಡೂ ಸಾಕಷ್ಟು ಭಾರ. ಅದನ್ನು ಕೆಳಕ್ಕೋ ಪಕ್ಕಕ್ಕೋ ಚಾಚಿಕೊಂಡು ಆಯ ತಪ್ಪದೆ ನಿಲ್ಲಬೇಕಾದರೆ ಹೊಟ್ಟೆಯ ಸ್ನಾಯುಗಳೂ, ಬೆನ್ನುಮೂಳೆಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಎಂಬ ಒಳಸ್ನಾಯುವೂ ಬಿಗಿಯಾಗಲೇಬೇಕು. ಬೆನ್ನುಮೂಳೆಯ ಮಣಿಗಳು ಅತ್ತಿತ್ತ ಜಾರದಂತೆ ಹಿಡಿಯುವುದು ಈ ಮಲ್ಟಿಫಿಡಸ್ಸೇ. ವಾರಕ್ಕೆ 5 ದಿನದಂತೆ 3 ತಿಂಗಳು ಈ ವ್ಯಾಯಾಮ ಮಾಡಿಸಿದ ಕುದುರೆಗಳಲ್ಲಿ ಅದು ದಪ್ಪಗಾದದ್ದು 2011ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ನಾವೇ ಕಾಲು ಹಿಡಿದು ಎಳೆದರೆ ಸ್ನಾಯು ಹಿಗ್ಗಬಹುದು, ಆದರೆ ದುಡಿಯುವುದಿಲ್ಲ.

ಮೊದಲು ಸ್ವಲ್ಪ ಹೊತ್ತು ನಡೆಸಿ ಮೈ ಬಿಸಿಯಾಗಲಿ. ಆಮೇಲೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗದ್ದವನ್ನು ಎದೆಗೆ, ಮುಂಗಾಲುಗಳ ಮಂಡಿಯ ನಡುವೆ, ಮತ್ತೆ ಎರಡೂ ಪಕ್ಕದಲ್ಲಿ ಪಕ್ಕೆಲುಬಿನ ಕಡೆಗೆ ತರಿಸಿ. ಪ್ರತಿ ಭಂಗಿಯಲ್ಲೂ 5 ಸೆಕೆಂಡಿನಷ್ಟು ನಿಂತರೆ ಸಾಕು, ಅದೇ 5 ಸಲ. ಉದ್ದನೆಯ ಕ್ಯಾರೆಟ್ಟನ್ನೇ ತನ್ನಿ, ತುಂಡಾದರೆ ಬೆರಳಿಗೆ ಅಪಾಯ! ಪಕ್ಕಕ್ಕೆ ತಿರುಗುವಾಗ ಜಾಣ ಕುದುರೆ ಮೋಸ ಮಾಡುತ್ತದೆ: ಕತ್ತು ಬಾಗಿಸುವ ಬದಲು ತಲೆಯನ್ನಷ್ಟೇ ಓರೆ ಮಾಡುತ್ತದೆ, ಇಲ್ಲವೇ ಹಿಂಭಾಗವನ್ನೇ ಆಚೆ ಸರಿಸಿಬಿಡುತ್ತದೆ. ಆಗ ಕ್ಯಾರೆಟ್ಟನ್ನು ಇನ್ನೂ ದೂರ ಒಯ್ಯಬೇಡಿ, ಹತ್ತಿರ ತನ್ನಿ. ಗೋಡೆಗೆ ಒತ್ತಾಗಿ ನಿಲ್ಲಿಸಿದರೆ ಇನ್ನೂ ಸುಲಭ.

ಒಂದು ಪಕ್ಕಕ್ಕೆ ಸಲೀಸಾಗಿ ಬಾಗಿ ಇನ್ನೊಂದಕ್ಕೆ ಕಿವಿ ಹಿಂದಕ್ಕೆ ಮಡಚಿ ಒಲ್ಲೆನೆಂದರೆ ಬಲವಂತ ಬೇಡ, ನೋವಿರಬಹುದು. ಪಶುವೈದ್ಯರಿಗೆ ತೋರಿಸಿ.