2021ರಲ್ಲಿ ನೆಬ್ರಾಸ್ಕಾ ಕಾಲೇಜು ಅಮೆರಿಕನ್ ಫುಟ್‌ಬಾಲ್ ತಂಡ 12ರಲ್ಲಿ 9 ಪಂದ್ಯ ಸೋತಿತು. ಅಷ್ಟು ಕಳಪೆ ತಂಡವಾ?

ಖಂಡಿತ ಅಲ್ಲ. ಒಂದು ಸೋಲಿನ ಅಂತರವೂ 9 ಅಂಕ ದಾಟಲಿಲ್ಲ. ಇಡೀ ಸೀಸನ್ ಲೆಕ್ಕ ಹಾಕಿದರೆ ಎದುರಾಳಿಗಳಿಗಿಂತ 63 ಅಂಕ ಜಾಸ್ತಿಯೇ ಗಳಿಸಿತ್ತು! ನನ್ನ ಪ್ರಕಾರ ಹೆಚ್ಚು ಪೆಟ್ಟು ಕೊಟ್ಟಿದ್ದು ಸ್ಪೆಷಲ್ ಟೀಮ್ಸ್, ಅಂದರೆ ಚೆಂಡು ಒದೆಯುವಾಗ ಕಣಕ್ಕಿಳಿಯುವ ಪಡೆ.

ಮಿಚಿಗನ್ ಸ್ಟೇಟ್ ಪಂದ್ಯವನ್ನೇ ನೋಡಿ. ಕೊನೇ ಹಂತದಲ್ಲಿ ನೆಬ್ರಾಸ್ಕಾದವರು 20-13 ಮುಂದಿದ್ದರು. ಪಂಟ್ ಮಾಡಿದ, ಅಂದರೆ ಎದುರಾಳಿಗೆ ಬಿಟ್ಟುಕೊಡಲು ದೂರಕ್ಕೆ ಒದ್ದ ಚೆಂಡು ಒಂದು ಕಡೆ, ತಡೆಯಬೇಕಾದವರು ಇನ್ನೊಂದು ಕಡೆ. ಮಿಚಿಗನ್ ಸ್ಟೇಟ್‌ನ ಜೇಡನ್ ರೀಡ್ ಅದನ್ನು ಹಿಡಿದು 62 ಗಜ ಓಡಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಗಳಿಸುವ ಅಂಕ) ಹೊಡೆದರು. ಓವರ್‌ಟೈಮ್‌ನಲ್ಲಿ 23-20 ಸೋಲು. ಹೊಟ್ಟೆ ಉರಿಯುತ್ತೆ ಅಲ್ವಾ?

ಅಯೋವಾ ವಿರುದ್ಧ 21-6 ಮುಂದಿದ್ದೂ ಸೋತರು. ಅಲ್ಲೂ ಅಯೋವಾದವರು ಪಂಟ್ ತಡೆದು, ಅದೇ ಚೆಂಡಿನಿಂದ ಟಚ್‌ಡೌನ್ ಗಳಿಸಿದ್ದರು.

ಕೋಚ್ ಸ್ಕಾಟ್ ಫ್ರಾಸ್ಟ್ ಆ ವರ್ಷ ಉಳಿದುಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಕೆಲಸ ಹೋಯಿತು.