ರೆಕ್ಕೆ ಇದ್ದಮೇಲೆ ಬಟ್ಟೆ ಯಾಕೆ ಅಷ್ಟು ಹಾರಾಡ್ಬೇಕು?

ಬರೋಕ್ ಶಿಲ್ಪಗಳಲ್ಲಿ (ಅಂದ್ರೆ ಯುರೋಪಿನ 17ನೇ ಶತಮಾನದ ಆಡಂಬರದ ಶೈಲಿ) ದೇವದೂತರಿಗೆ ರೆಕ್ಕೆ ಇದ್ದೇ ಇರತ್ತೆ, ಆದ್ರೂ ಬಟ್ಟೆ ಯಾಕೆ ಬಿರುಗಾಳಿಗೆ ಸಿಕ್ಕ ಹಾಗೆ ಕೆತ್ತಿದಾರೆ ಅಂತ ಕೇಳಿದೀರಲ್ಲ, ನನ್ ಪ್ರಕಾರ ಅಲ್ಲಿ ಅಸಲಿ ಕೆಲಸ ಮಾಡೋದೇ ಬಟ್ಟೆ. ರೆಕ್ಕೆ ಬರೀ ಗುರುತು. ದೇವದೂತರಿಗೆ ಶರೀರವೇ ಇಲ್ಲ ಅನ್ನತ್ತೆ ಕ್ರೈಸ್ತ ಧರ್ಮ, ಅಂಥವರನ್ನ ಭಾರದ ಅಮೃತಶಿಲೆಯಲ್ಲಿ ತೋರಿಸ್ಬೇಕು ಅಂದ್ರೆ ಶಿಲ್ಪಿ ಏನ್ ಮಾಡ್ಬೇಕು ಹೇಳಿ.

ಆ ಕಾಲದ ಇಟಲಿಯ ಶಿಲ್ಪಿ ಬರ್ನಿನಿ ಮಾಡಿದ್ದು ನೋಡಿ. ರೋಮ್‌ನ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಲ್ಲಿ 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ ಸಂತ ತೆರೇಸಾ ಮತ್ತು ಅವಳಿಗೆ ಕಂಡ ದೇವದೂತನ ಶಿಲ್ಪ ಇದೆ, 1647ರಿಂದ 52ರ ನಡುವೆ ಮಾಡಿದ್ದು. ತನಗೆ ಕಂಡ ದೇವದೂತನ ಮುಖ ಉರೀತಿರೋ ಹಾಗಿತ್ತು ಅಂತ ತೆರೇಸಾನೇ ಬರ್ಕೊಂಡಿದಾಳೆ. ಅದಕ್ಕೇ ಇರ್ಬೇಕು, ಬಾಣ ಹಿಡಿದಿರೋ, ಹುಡುಗನ ಹಾಗಿರೋ ಆ ದೇವದೂತನ ಬಟ್ಟೆ ತೆಳ್ಳಗೆ, ಸಣ್ಣ ಸಣ್ಣ ನೆರಿಗೆಯಾಗಿ ಬೆಂಕಿ ನಾಲಿಗೆ ಥರ ಮೇಲಕ್ಕೇಳತ್ತೆ, ಪಕ್ಕದಲ್ಲೇ ತೆರೇಸಾಳ ಸನ್ಯಾಸಿನಿ ಉಡುಪು ದಪ್ಪಗೆ, ರಾಶಿ ಬಿದ್ದ ಕಂಬಳಿ ಹಾಗೆ ಕೆಳಗೆ ಜಗ್ತಿದೆ. ಎರಡೂ ಒಂದೇ ಕಲ್ಲು! ಮೇಲೆ ಕಾಣದ ಹಾಗೆ ಇಟ್ಟಿರೋ ಕಿಟಕಿಯಿಂದ ಬೆಳಕು ಬೀಳತ್ತೆ, ಅದೊಂದು ಬೇರೆ ಕಥೆ.

ನನಗೆ ಇದಕ್ಕಿಂತ ಹತ್ತಿರ ಅನ್ಸೋದು ರೋಮ್‌ನದ್ದೇ ಸಂತ್ ಆಂಜೆಲೋ ಸೇತುವೆಯ ದೇವದೂತರು. 1667ರಲ್ಲಿ ಪೋಪ್ 9ನೇ ಕ್ಲೆಮೆಂಟ್ ಈ ಕೆಲಸ ಕೊಟ್ಟಿದ್ದು, ಹತ್ತು ಮೂರ್ತಿ, ಒಬ್ಬೊಬ್ಬರ ಕೈಲೂ ಏಸುವಿನ ಯಾತನೆಗೆ, ಶಿಲುಬೆ ಮರಣಕ್ಕೆ ಸಂಬಂಧಪಟ್ಟ ಒಂದೊಂದು ವಸ್ತು. ಬರ್ನಿನಿ ಸ್ವತಃ ಕೆತ್ತಿದ ಎರಡು ಮಳೆ ಬಿಸಿಲಿಗೆ ಇಡೋಕೆ ತೀರಾ ಚೆನ್ನಾಗಿವೆ ಅಂತ ಸೇತುವೆ ಮೇಲೆ ನಕಲು ನಿಲ್ಲಿಸಿದ್ರು. ಮೂಲ ಮೂರ್ತಿಗಳು ಬರ್ನಿನಿ ಮನೆತನದವರ ಹತ್ರ ಇದ್ದು 1729ರಲ್ಲಿ ಸಂತ್ ಆಂದ್ರೇಯಾ ದೆಲ್ಲೆ ಫ್ರಾತ್ತೆ ಚರ್ಚಿಗೆ ಬಂದ್ವು, ನಾನು ನೋಡಿದ್ದೂ ಅಲ್ಲೇ. ಮುಳ್ಳಿನ ಕಿರೀಟ ಹಿಡಿದವನ ತೊಡೆ ಮೇಲಿನ ಬಟ್ಟೆ ದೊಡ್ಡ ಕಮಾನಾಗಿ ಬಾಗಿದೆ, ಕಿರೀಟದ ದುಂಡನ್ನೇ ಮತ್ತೆ ಬರೆದ ಹಾಗೆ. ಏಸುವಿನ ಶಿಲುಬೆ ಮೇಲೆ ಹೊಡೆದಿದ್ದ ಬರಹದ ಫಲಕ ಹಿಡಿದವನದ್ದು ಮುದುರಿ ಮುದುರಿ ಹೋಗಿದೆ. ಯಾವ ಗಾಳಿಗೂ ಬಟ್ಟೆ ಹಾಗೆ ನಿಲ್ಲಲ್ಲ. ಅದು ಗಾಳಿಯಲ್ಲ, ಸಂಕಟ, ಮೈಯೇ ಇಲ್ಲದವರ ಸಂಕಟ ಬೇರೆಲ್ಲಿ ಕಾಣ್ಸಕ್ಕಾಗತ್ತೆ?

ರೋಮ್‌ಗೆ ಹೋದ್ರೆ ಮೊದಲು ಸೇತುವೆ ನೋಡಿ, ಆಮೇಲೆ ಸಂತ್ ಆಂದ್ರೇಯಾ ಚರ್ಚಿಗೆ ಹೋಗಿ. ಎದುರಿಗೆ ಮಾತ್ರ ನಿಲ್ಬೇಡಿ, ಸ್ವಲ್ಪ ಪಕ್ಕಕ್ಕೂ ಸರಿದು ನೋಡಿ, ನೆರಿಗೆಯ ಒಳಗಿನ ನೆರಳು ಎಷ್ಟು ಆಳ ಇದೆ ಅಂತ ಆಗ ಗೊತ್ತಾಗತ್ತೆ.