ಕೈ ಸಡಿಲ ಬಿಡವ್ವಾ

ಗದಗ-ಬೆಟಗೇರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ವಯಸ್ಸು 27. ಹುಟ್ಟಿದಾಗ ಮನೆಯವರು ಗಂಡುಮಗು ಅಂದುಕೊಂಡರು, ಅವರು ಹೆಣ್ಣು. ಒಂಬತ್ತು ತಿಂಗಳಿಂದ ವೈದ್ಯರ ಬಳಿ ಹಾರ್ಮೋನ್ ಚಿಕಿತ್ಸೆ ನಡೆದಿದೆ. ಹುಬ್ಬಳ್ಳಿ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಪತ್ರದ ಒಂದು ಭಾಗ ಹೀಗಿದೆ:

“ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ‘ಅಕ್ಕಾರ’ ಅಂದರೆ ಮನಸ್ಸು ಹಗುರಾಗುತ್ತದೆ. ಮಧ್ಯಾಹ್ನ ಫೋನ್ ಎತ್ತಿದರೆ ಆ ಕಡೆಯವರು ‘ಸರ’ ಅಂತಾರೆ, ಅಷ್ಟೂ ಇಳಿದುಹೋಗುತ್ತದೆ. ಸಂಜೆ ಇನ್ಯಾರೋ ಯಲ್ಲಮ್ಮನ ಹೆಸರು ಹೇಳಿ ಕೈ ಮುಗಿಯುತ್ತಾರೆ. ರಾತ್ರಿ ಮಲಗುವಾಗ ಇವತ್ತು ಎಷ್ಟು ಮಂದಿ ಹೆಣ್ಣು ಅಂದರು, ಎಷ್ಟು ಮಂದಿ ಗಂಡು ಅಂದರು ಅಂತ ಎಣಿಸುತ್ತೇನೆ. ಜನ ನನ್ನನ್ನು ಹೆಣ್ಣಾಗಿ ನೋಡೋದು ಯಾವಾಗ ಅಕ್ಕಾರ? ಹಾಗೆ ನೋಡಿದಾಗ ನಾನು ಅವರಿಗೆ ಮೋಸ ಮಾಡಿದ ಹಾಗಾಗುತ್ತಾ?”

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಬಳೆ ಅಂಗಡಿಯ ಆ ಎಂಟು ಸಾಲಿನ ಹತ್ತಿರ ಬಂದು ನಿಂತುಬಿಟ್ಟೆ. ನೀವು ಅದನ್ನು ಕೊನೆಗೆ, ಸಣ್ಣ ಅಕ್ಷರದಲ್ಲಿ, ಜಾಗ ಉಳಿದಿತ್ತು ಅನ್ನುವ ಹಾಗೆ ಬರೆದಿದ್ದೀರಿ. ನನಗೆ ಇಡೀ ಪತ್ರದ ಜೀವ ಅಲ್ಲೇ ಇದೆ ಅನಿಸಿತು.

ದುರ್ಗದಬೈಲಿಗೆ ಹೋಗಿದ್ದಿರಿ. ಗಾಜಿನ ಬಳೆ ಇಡಿಸಿಕೊಳ್ಳಬೇಕು ಅಂತ ಎಷ್ಟೋ ವರ್ಷದ ಆಸೆ. ವಯಸ್ಸಾದ ಬಳೆಗಾರ್ತಿ ನಿಮ್ಮ ಕೈ ಹಿಡಿದಳು. ಎರಡು-ಆರು ಅಳತೆಯ ಬಳೆ ಬೆರಳಿನ ಗೆಣ್ಣೇ ದಾಟಲಿಲ್ಲ. ಎರಡು-ಎಂಟು ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು. ನೀವು ಉಸಿರು ಬಿಗಿಹಿಡಿದು ಕೂತಿರಿ. ಇಷ್ಟು ದೊಡ್ಡ ಕೈ, ಈಗ ಗೊತ್ತಾಗೇಬಿಡುತ್ತದೆ, ಈಗ ಏನಾದರೂ ಅಂದೇಬಿಡುತ್ತಾಳೆ ಅಂತ. ಆಕೆ ಹಿಂದಿನ ಕಪಾಟಿನಿಂದ ಎರಡು-ಹತ್ತರ ಡಬ್ಬಿ ತೆಗೆದಳು. ನಿಮ್ಮ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. “ಕೈ ಸಡಿಲ ಬಿಡವ್ವಾ, ಬಿಗಿ ಹಿಡದ್ರ ಬಳಿ ಒಡೀತಾವ” ಅಂದಳು. ಒಂದೊಂದು ಕೈಗೆ ಹನ್ನೆರಡು ಹಸಿರು ಬಳೆ.

“ಆಕೆಗೆ ಗೊತ್ತಾಯಿತೋ ಇಲ್ಲವೋ ತಿಳಿಯಲಿಲ್ಲ, ಇದನ್ನು ಯಾವ ಕಡೆ ಬರೆದುಕೊಳ್ಳಲಿ?” ಅಂತ ಕೇಳಿದ್ದೀರಿ.

ಆಕೆಗೆ ಗೊತ್ತಾಗಿರಬೇಕು ಅಂತಲೇ ನನ್ನ ಅನಿಸಿಕೆ. ದಿನಕ್ಕೆ ಎಷ್ಟೋ ಹೆಣ್ಣುಮಕ್ಕಳ ಕೈ ಹಿಡಿಯುವವಳು, ನಿಮ್ಮ ಕೈಯನ್ನು ಐದು ನಿಮಿಷ ಹಿಡಿದುಕೊಂಡು ಕೂತಿದ್ದಳು. ಹಾಗಿದ್ದೂ “ಅವ್ವಾ” ಅಂದಳು. ಕಂಡಕ್ಟರ್ ನಿಮ್ಮನ್ನು ನೋಡಿದ್ದು ಒಂದು ಕ್ಷಣ. ಅವನ ಕಣ್ಣಿಗೆ ಬಿದ್ದದ್ದು ಜಡೆ, ಚೂಡಿದಾರ, ಹೆಗಲ ಮೇಲಿನ ಬ್ಯಾಗು. ನಾಳೆ ಬೇರೆ ಕಂಡಕ್ಟರ್, ಬೇರೆ ಬೆಳಕು, ಬೇರೆ ಮಾತು. ಅದಕ್ಕೆ ಬೇಜಾರು ಪಡಬೇಡಿ ಅಂತ ನಾನು ಹೇಳುವುದಿಲ್ಲ. ನೋವಾಗುತ್ತದೆ. ಆದರೆ ಒಂದು ಕ್ಷಣ ನೋಡಿದವರ ಮಾತಿಗೂ ಐದು ನಿಮಿಷ ಕೈ ಹಿಡಿದವಳ ಮಾತಿಗೂ ಒಂದೇ ತೂಕ ಇಟ್ಟು ಎಣಿಸುತ್ತಿದ್ದೀರಲ್ಲ, ತಪ್ಪು ಅಲ್ಲಿದೆ. ಲೆಕ್ಕ ಬರೆಯುವವರು ನೀವು, ನಿಮಗೆ ನಾನು ಹೇಳಬೇಕಾ?

ಇನ್ನು “ಯಾವಾಗ” ಅನ್ನುವ ಪ್ರಶ್ನೆ. ಒಂಬತ್ತು ತಿಂಗಳು ಅಂದರೆ ನೀವು ನಟ್ಟನಡುವೆ ಇದ್ದೀರಿ. ಈಸ್ಟ್ರೊಜೆನ್ ಅನ್ನುವ ಹೆಣ್ತನದ ಹಾರ್ಮೋನ್ ತೆಗೆದುಕೊಂಡ ಮೇಲೆ ಚರ್ಮ ಮೆತ್ತಗಾಗುವುದು, ಎದೆ ಬೆಳೆಯತೊಡಗುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ ಶುರುವಾಗುತ್ತದೆ. ಕೆನ್ನೆ, ಸೊಂಟದಲ್ಲಿ ಕೊಬ್ಬು ಹೊಸದಾಗಿ ಕೂರಲು ಎರಡರಿಂದ ಐದು ವರ್ಷ ಹಿಡಿಯುತ್ತದೆ. ಆ ತನಕ ಒಂದೇ ದಿನ ಅಕ್ಕಾನೂ ಅಣ್ಣಾನೂ ಅನ್ನಿಸಿಕೊಳ್ಳುವ ದಿನಗಳು ಬರುತ್ತವೆ. ಗೆಳತಿಯೊಬ್ಬಳು “ಎರಡು ಮಾತ್ರೆ ಜಾಸ್ತಿ ತಗೋ, ಬೇಗ ಆಗುತ್ತೆ” ಅಂದಳಂತೆ. ದಯವಿಟ್ಟು ಬೇಡ. ಜಾಸ್ತಿ ತಗೊಂಡರೆ ಬೇಗ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಜಾಸ್ತಿ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುತ್ತವೆ ಅಂತ ಗರ್ಭನಿರೋಧಕ ಮಾತ್ರೆ ನುಂಗುವುದೂ ಅಪಾಯವೇ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ನಾಳೆ ಅನ್ನದೆ ಆಸ್ಪತ್ರೆಗೆ ಹೋಗಬೇಕು.

ದನಿಯ ವಿಷಯ ನಿಮಗೆ ಯಾರೂ ಸರಿಯಾಗಿ ಹೇಳಿದ ಹಾಗಿಲ್ಲ. ಹರೆಯದಲ್ಲಿ ದಪ್ಪಗಾದ ಧ್ವನಿತಂತು ಈಸ್ಟ್ರೊಜೆನ್‌ನಿಂದ ತೆಳ್ಳಗಾಗುವುದಿಲ್ಲ. ಗಡ್ಡವೂ ಅಷ್ಟೇ, ಮಾತ್ರೆಯಿಂದ ಹೋಗುವುದಿಲ್ಲ. ಲೇಸರ್‌ಗೆ ಹಲವು ಸಲ ಹೋಗಬೇಕಾಗಬಹುದು, ಅದೂ ಕಪ್ಪು ಕೂದಲಿಗೆ ಮಾತ್ರ ಹತ್ತುತ್ತದೆ. ಹಾಗಾಗಿ ಫೋನಿನಲ್ಲಿ “ಸರ” ಅನ್ನಿಸಿಕೊಂಡದ್ದು ಔಷಧಿ ಸೋತದ್ದಲ್ಲ, ನೀವು ಸೋತದ್ದಂತೂ ಅಲ್ಲವೇ ಅಲ್ಲ. ದನಿಗೆ ಬೇಕಾದದ್ದು ಅಭ್ಯಾಸ. ಸುಮ್ನೆ ಎತ್ತರಿಸಿ ಮಾತಾಡಿದರೆ ಗಂಟಲು ಕೆಡುತ್ತದೆ. ಮಾತಿನ ಏರಿಳಿತ, ದನಿ ಎದೆಯಲ್ಲಿ ಗುಂಯ್‌ಗುಡುತ್ತದೋ ಬಾಯಿಯ ಮುಂಭಾಗದಲ್ಲೋ ಅನ್ನುವುದನ್ನು ತಿದ್ದಿಕೊಳ್ಳಬೇಕು. ಸ್ಪೀಚ್ ಥೆರಪಿಸ್ಟ್ ಹತ್ತಿರ ಕಲಿತು ದಿನಾ ಹತ್ತು ನಿಮಿಷ ಮಾಡಿ. ಫೋನ್ ಎತ್ತಿದ ಕೂಡಲೇ “ಹಲೋ” ಅನ್ನುವ ಬದಲು ಅಂಗಡಿಯ ಹೆಸರು, ನಿಮ್ಮ ಹೆಸರು ಹೇಳಿ. ಹೆಸರು ಮೊದಲು ಕಿವಿಗೆ ಬಿದ್ದರೆ ದನಿ ಹಿಂದೆ ಬರುತ್ತದೆ.

ಈಗ ನೀವು ಬರೆಯಲು ಸಂಕೋಚಪಟ್ಟ ಮಾತಿಗೆ ಬರುತ್ತೇನೆ. ಅಣ್ಣಿಗೇರಿ ದಾಟಿದ ಮೇಲೆ ಬಸ್ಸಿನಲ್ಲಿ ಒಬ್ಬ ಹಿಂದಿನಿಂದ ಒತ್ತಿಕೊಂಡು ನಿಂತ. ಭಯವಾಯಿತು, ಅಸಹ್ಯವಾಯಿತು. ಅದರ ನಡುವೆ ಒಂದು ಕ್ಷಣ “ಇವನಿಗೆ ನಾನು ಹೆಂಗಸಾಗಿ ಕಂಡೆ” ಅನ್ನುವ ಸಮಾಧಾನ. ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಗಿ ಹುಬ್ಬಳ್ಳಿ ತನಕ ಕಣ್ಣೀರು ಒರೆಸಿಕೊಂಡಿರಿ.

ನಾಚಿಕೆ ಬೇಡ ತಂಗೀ. ಇಪ್ಪತ್ತು ವರ್ಷ ಬಾಯಾರಿದವರಿಗೆ ಕೆಸರು ನೀರು ಕಂಡರೂ ಕೈ ಮುಂದೆ ಹೋಗುತ್ತದೆ. ಆದರೆ ಕುಡಿಯಬಾರದು. ನಮಗೆಲ್ಲ ಹನ್ನೆರಡು-ಹದಿಮೂರನೇ ವಯಸ್ಸಿನಲ್ಲಿ ಅವ್ವನೋ ಅಕ್ಕನೋ ಕಲಿಸಿದ್ದನ್ನು ನಿಮಗೆ ಯಾರೂ ಕಲಿಸಲಿಲ್ಲ. ಹುಡುಗ ಅಂದುಕೊಂಡರಲ್ಲ. ಅದಕ್ಕೇ ನಾನು ಹೇಳುತ್ತೇನೆ. ಬಸ್ಸಿನಲ್ಲಿ ಹೆಂಗಸರ ನಡುವೆ ನಿಲ್ಲಿ. ಬ್ಯಾಗು ಯಾವ ಕಡೆ ಬೇಕೋ ಆ ಕಡೆ ಅಡ್ಡ ಹಿಡಿಯಿರಿ. ಯಾರಾದರೂ ಒತ್ತಿದರೆ ಮೊದಲ ಸಲಕ್ಕೇ, ಎಲ್ಲರಿಗೂ ಕೇಳುವ ಹಾಗೆ, “ಸರದ ನಿಂದರ್ರಿ” ಅನ್ನಿ. ದನಿ ದಪ್ಪಗೆ ಬಂದರೂ ಪರವಾಗಿಲ್ಲ, ಆ ಹೊತ್ತಿಗೆ ದನಿಯ ಚಿಂತೆ ಬೇಡ. ಕಂಡಕ್ಟರನ್ನು ಕರೆಯಿರಿ. 112ಕ್ಕೆ ಫೋನ್ ಮಾಡಿ. ಕತ್ತಲಾದ ಮೇಲೆ, ಒಬ್ಬರೇ ಇದ್ದಾಗ ಮಾತ್ರ ಜಗಳಕ್ಕೆ ನಿಲ್ಲಬೇಡಿ, ಜನ ಇರುವ ಕಡೆ ನಡೆದುಬಿಡಿ. ಹೆಣ್ಣು ಅಂದುಕೊಂಡು ಹಿಂಬಾಲಿಸಿದವನಿಗೆ ನಿಮ್ಮ ವಿಷಯ ಗೊತ್ತಾದಾಗ ಸಿಟ್ಟು ಇಮ್ಮಡಿಯಾಗುವುದುಂಟು.

ಅಂಗಡಿಯಲ್ಲಿ ನಡೆಯುತ್ತಿರುವುದೂ ಇದರದೇ ಇನ್ನೊಂದು ಮುಖ. ಹೋದ ವರ್ಷ ಉಳ್ಳಾಗಡ್ಡಿ ಮಾರಿದ ಲೆಕ್ಕದ ಪಟ್ಟಿಯನ್ನು ನಿಮ್ಮ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದ ರೈತರು ಈಗ ಪಕ್ಕದ ಹುಡುಗನ ಹತ್ತಿರ “ಒಂದ್ಸಲ ಕೂಡ್ಸಿ ನೋಡಪಾ” ಅಂತಾರೆ. ಅದೇ ಪೆನ್ನು, ಅದೇ ಲೆಕ್ಕ. ನಾನು ಈ ಕುರ್ಚಿಯಲ್ಲಿ ಕೂತ ಹೊಸದರಲ್ಲಿ, ನನ್ನ ಮುಂದೆಯೇ ನಿಂತು “ಸಂಪಾದಕರು ಎಷ್ಟೊತ್ತಿಗೆ ಬರ್ತಾರಮ್ಮಾ?” ಅಂತ ಕೇಳಿದವರಿದ್ದರು. ನಾನು ಹುಟ್ಟಿನಿಂದ ಹೆಣ್ಣು ಅನ್ನಿಸಿಕೊಂಡೇ ಬಂದವಳು, ನನಗೆ ಎರಡೂ ಕಡೆಯ ಅನುಭವ ಇಲ್ಲ. ನಿಮಗಿದೆ. ಕಳೆದುಕೊಂಡದ್ದು ಎಷ್ಟು ಅಂತ ಲೆಕ್ಕ ಹಿಡಿದು ಹೇಳಬಲ್ಲವರು ನೀವೇ. ಮಾಲೀಕರ ಹತ್ತಿರ ಕೂತು ಹೇಳಿ. ಪಟ್ಟಿ ಕೊಡುವ ಕೆಲಸ ನಿಮ್ಮದೇ ಅಂತ ಅವರು ರೈತರ ಮುಂದೆ ಒಂದು ಮಾತು ಹೇಳಿದರೆ ಸಾಕು.

ಇನ್ನೊಂದು. ಹೆಂಗಸರ ಶೌಚಾಲಯಕ್ಕೆ ಹೋಗಲು ಹೆದರಿ ಸಂಜೆ ತನಕ ನೀರೇ ಕುಡಿಯುವುದಿಲ್ಲ ಅಂದಿದ್ದೀರಿ. ನಿಮ್ಮ ಮಾತ್ರೆಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ಇದೆ, ಅದು ಮೂತ್ರ ಜಾಸ್ತಿ ಮಾಡುವ ಔಷಧಿ. ನೀರು ಬಿಟ್ಟರೆ ತಲೆ ಸುತ್ತಿ ಬೀಳುತ್ತೀರಿ. ಪಕ್ಕದ ಅಂಗಡಿಯಲ್ಲಿ ಡಬ್ಬಿ ಹಂಚಿಕೊಂಡು ಊಟ ಮಾಡುವ ಅಕ್ಕ ಇದ್ದಾರಲ್ಲ, ಅವರನ್ನು ಜೊತೆಗೆ ಕರೆಯಿರಿ. ಹೆಂಗಸರು ಜೋಡಿಯಾಗಿ ಹೋಗುವುದು ಎಲ್ಲರೂ ನೋಡಿರುವ ವಿಷಯವೇ.

ಯಲ್ಲಮ್ಮನ ಹೆಸರಿನಲ್ಲಿ ಕೈ ಮುಗಿಯುವವರ ಬಗ್ಗೆ. ನಮ್ಮ ಕಡೆ ಸವದತ್ತಿ ಗುಡ್ಡ ಹತ್ತಿರ. ಗಂಡಾಗಿ ಹುಟ್ಟಿದರೂ ಸೀರೆ ಉಟ್ಟು ಯಲ್ಲಮ್ಮನ ಸೇವೆಗೆ ನಿಂತ ಜೋಗಪ್ಪ, ಜೋಗತಿ ಅಂದರೆ ಹಳ್ಳಿಯ ಮುದುಕಿಗೂ ಗೊತ್ತು. ಹಾಗಾಗಿ ಗಂಡು, ಹೆಣ್ಣು ಎರಡೇ ಅಲ್ಲ, ಮೂರನೇ ಜಾಗವೊಂದು ಜನರ ಮನಸ್ಸಿನಲ್ಲಿ ಮೊದಲೇ ಇದೆ. ಅದರಲ್ಲಿ ಮರ್ಯಾದೆಯೂ ಉಂಟು. ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೋಡಿ ನಾನು ಅತ್ತಿದ್ದೇನೆ. ಆದರೆ ನೀವು ಮುತ್ತು ಕಟ್ಟಿಸಿಕೊಂಡು ದೇವಿಯ ಸೇವೆಗೆ ನಿಂತವರಲ್ಲ. ಕೈ ಮುಗಿದವರಿಗೆ ತಿರುಗಿ ಕೈ ಮುಗಿದು, “ನಾ ಲೆಕ್ಕ ಬರೀತೀನ್ರಿ ಅಜ್ಜಾರ” ಅಂದರೆ ಅವರಿಗೂ ಅವಮಾನ ಇಲ್ಲ, ನಿಮಗೂ ಇಲ್ಲ.

ಮೋಸದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ನಿಮ್ಮ ದೇಹದ ಚರಿತ್ರೆ ಒಪ್ಪಿಸುವ ಸಾಲ ನಿಮ್ಮ ಮೇಲಿಲ್ಲ. ನನ್ನ ಗರ್ಭಕೋಶದ ಆಪರೇಷನ್ ವಿಷಯ ನಾನು ಯಾವ ಕಂಡಕ್ಟರ್‌ಗೂ ಹೇಳಿಲ್ಲ. ಜೊತೆಗೆ ಬಾಳುತ್ತೇನೆ ಅನ್ನುವವರು ಬಂದಾಗ ಅದು ಬೇರೆ ಮಾತು. ಅವರಿಗೆ ಹೇಳಬೇಕು, ಧೈರ್ಯ ಇರುವ ಜಾಗದಲ್ಲಿ, ನಿಮಗೆ ಹೊಂದುವ ಹೊತ್ತಿನಲ್ಲಿ.

ಆಧಾರ್ ತೋರಿಸಿದಾಗ ಹಳೆಯ ಹೆಸರು ನೋಡಿ ಕಂಡಕ್ಟರ್ ದುಡ್ಡು ಕೇಳಿದ ಅಂದಿರಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರಿಗಷ್ಟೇ ಅಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಹಾಗಂತ ಹೇಳಿ, ಟಿಕೆಟ್ ಕೇಳಿ. ನಿಮ್ಮ ಲಿಂಗತ್ವ ಯಾವುದು ಅಂತ ನೀವೇ ಹೇಳಬೇಕು, ಅದಕ್ಕೆ ಆಪರೇಷನ್ ಆಗಿರಲೇಬೇಕು ಅಂತ ಹಠ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಹೇಳಿದೆ. ಕಾಗದಪತ್ರದಲ್ಲಿ ಹೆಸರು ಬದಲಿಸುವ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೋರ್ಟ್ ಆವರಣದಲ್ಲೇ ಇರುತ್ತದೆ. ಈಗಿನ ನಿಯಮ ಏನು, ಯಾವ ಅರ್ಜಿ ಮೊದಲು ಅಂತ ಅಲ್ಲಿನ ವಕೀಲರು ಹೇಳುತ್ತಾರೆ.

ಕೊನೆಗೆ ನಮ್ಮ ಕಚೇರಿಯ ಒಂದು ಕೆಲಸ ಉಳಿದಿದೆ. ಪತ್ರದ ಕೆಳಗೆ ನೀವು ಹಾಕಿದ ಸಹಿ ಹೊಸ ಹೆಸರಿನದು. ನಮ್ಮ ಚಂದಾ ಪುಸ್ತಕದಲ್ಲಿ ಹಳೆಯದೇ ಇದೆ, ಪ್ರತಿ ತಿಂಗಳೂ ಅದೇ ಹೆಸರನ್ನು ಲಕೋಟೆ ಮೇಲೆ ಅಂಟಿಸಿ ಕಳಿಸುತ್ತಿದ್ದೇವೆ. ಹೊಸ ಹೆಸರು ಹಾಕಿದರೆ ಮನೆಯಲ್ಲಿ ಅಪ್ಪ ಮೊದಲು ನೋಡಿ ತೊಂದರೆ ಆಗುತ್ತದೋ ಏನೋ ನನಗೆ ಗೊತ್ತಿಲ್ಲ, ಅದಕ್ಕೇ ನಿಮ್ಮನ್ನು ಕೇಳದೆ ಬದಲಿಸಿಲ್ಲ. ಮನೆಗೆ ಬೇಡ ಅಂದರೆ ಅಂಗಡಿಯ ವಿಳಾಸಕ್ಕೆ ಕಳಿಸೋಣ. ಒಂದು ಕಾರ್ಡು ಹಾಕಿ. ಮುಂದಿನ ಸಂಚಿಕೆ 25ನೇ ತಾರೀಖು ಅಂಚೆಗೆ ಹೋಗುತ್ತದೆ.

ನಿಮ್ಮ ಅಕ್ಕ,
ಸಂಪಾದಕಿ